ಟೈರಿನ ಪಕ್ಕೆಯಲ್ಲಿ ಬರೆದಿದ್ದ ನಂಬರು

ಕಳೆದ ಸಲ ಸೈಕಲ್ ಚೈನಿಗೆ ಯಾವ ಎಣ್ಣೆ ಬಿಡಬೇಕು ಅಂತ ಬರೆದಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಕೇಳಿದ್ದು ಎಣ್ಣೆಯ ಬಗ್ಗೆ ಅಲ್ಲ, ಟೈರಿನ ಬಗ್ಗೆ. "ಒಂದು ಟೈರಿಗೆ ಐದಾರು ಸಾವಿರ ಕೊಡೋದು ನಿಜವಾಗ್ಲೂ ಬೇಕಾ? ಎರಡು ಸಾವಿರದ್ದು ಸಾಲದಾ?" ಅಂತ.

ಇದಕ್ಕೆ ಉತ್ತರ ಬರೆಯೋದನ್ನ ನಾನು ಒಂದು ವರ್ಷದಿಂದ ಮುಂದಕ್ಕೆ ಹಾಕ್ತಾ ಬಂದಿದ್ದೇನೆ. ಕಾರಣ ನನ್ನ ಎಡಗಡೆಯ ಕಾಲರ್ ಬೋನು.

ಹೋದ ವರ್ಷ ಆಷಾಢದ ಒಂದು ಭಾನುವಾರ ನಂದಿಬೆಟ್ಟಕ್ಕೆ ಹೋಗಿದ್ದೆ. ಬೆಂಗಳೂರಿನಲ್ಲಿ ರೋಡ್ ಬೈಕ್ ಇಟ್ಟುಕೊಂಡವರಿಗೆ ನಂದಿ ಒಂಥರಾ ಹರಕೆ. (ರೋಡ್ ಬೈಕ್ ಅಂದ್ರೆ ಮೋಟಾರ್ ಬೈಕ್ ಅಲ್ಲ, ಹ್ಯಾಂಡಲ್ ಕೆಳಗೆ ಬಗ್ಗಿರುವ ತೆಳು ಟೈರಿನ ಸೈಕಲ್ಲು. ಪ್ರತಿ ಸಲ ಯಾರಾದರೊಬ್ಬರು ಕೇಳ್ತಾರೆ, ಅದಕ್ಕೆ ಹೇಳಿದೆ.) ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ದೇವನಹಳ್ಳಿ ದಾಟಿ, ಬೆಟ್ಟದ ಬುಡದಿಂದ ಏಳೆಂಟು ಕಿಲೋಮೀಟರ್ ಏದುಸಿರು ಬಿಡ್ತಾ ಹತ್ತೋದು, ಮೇಲೆ ಮಂಜು ನೋಡಿ ಫೋಟೋ ಹೊಡ್ಕೊಂಡು ಇಳಿಯೋದು. ಅವತ್ತು ಇಳಿಯುವಾಗ ಜಿನುಗು ಮಳೆ. ಒಂದು ತಿರುವಿನಲ್ಲಿ ಸೈಕಲ್ಲನ್ನ ಎಡಕ್ಕೆ ಬಾಗಿಸಿದೆ, ಮುಂದಿನ ಚಕ್ರ ಸುಮ್ಮನೆ ಹೊರಟುಹೋಯಿತು. ಬ್ರೇಕ್ ಹಿಡಿಯೋಕೆ, ಕೂಗೋಕೆ ಸಮಯವೇ ಇರಲಿಲ್ಲ. ನೆಲದ ಮೇಲಿದ್ದೆ, ಅಷ್ಟೇ.

ಆರು ವಾರ ಕೈ ಜೋಳಿಗೆಯಲ್ಲಿ. ಆಗ ಮಗಳಿಗೆ ಐದು ತಿಂಗಳು. ಎತ್ತಿಕೊಳ್ಳೋ ಹಾಗಿಲ್ಲ, ಸ್ನಾನ ಮಾಡಿಸೋ ಹಾಗಿಲ್ಲ, ರಾತ್ರಿ ಅತ್ತರೆ ಎದ್ದು ಪಕ್ಕದಲ್ಲಿ ಕೂತು ಹಾಡು ಹೇಳೋದಷ್ಟೇ ನನ್ನ ಕೆಲಸ. ಹೆಂಡತಿ ಸೈಕಲ್ ಮಾರು ಅನ್ನಲಿಲ್ಲ. "ಯಾಕೆ ಬಿದ್ದೆ ಅಂತ ನಿನಗೆ ಗೊತ್ತಾಗೋ ತನಕ ಬೆಟ್ಟಕ್ಕೆ ಹೋಗ್ಬೇಡ" ಅಂದಳು. ನ್ಯಾಯವಾದ ಮಾತು. ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವೂ ಹಾಗೇ ಮಾಡೋದು. ಕಾರಣ ಗೊತ್ತಾಗದೆ ಮತ್ತೆ ಶುರು ಮಾಡೋ ಹಾಗಿಲ್ಲ.

ನನಗೆ ಮಾತ್ರ ಕಾರಣ ಆಗಲೇ ಗೊತ್ತಿತ್ತು. ಟೈರು! ಸೈಕಲ್ ಜೊತೆ ಬಂದಿದ್ದ, ಅಂಗಡಿಯಲ್ಲಿ ಬಿಡಿಯಾಗಿ ಕೇಳಿದರೆ ಒಂಬೈನೂರು ರೂಪಾಯಿಯ ಟೈರು. ಕೈ ಜೋಳಿಗೆಯಲ್ಲಿ ಇರುವಾಗಲೇ ಅಂಗಡಿಗೆ ಹೋಗಿ, ಸೈಕಲ್ ಮಾರಿದ್ದ ಹುಡುಗನಿಗೆ ಎಲ್ಲರೆದುರು ನಾಲ್ಕು ಮಾತು ಅಂದು ಬಂದೆ. "ಇಂಥ ಟೈರು ಹಾಕಿ ಜನಕ್ಕೆ ಕೊಡ್ತೀರಲ್ಲ" ಅಂತ. ಆ ಹುಡುಗ ಏನೂ ಹೇಳಲಿಲ್ಲ.

ಈಗ ಪರೀಕ್ಷೆಯ ವಿಷಯಕ್ಕೆ ಬರೋಣ.

ಕೊಂಡದ್ದು ಮಧ್ಯಮ ದರದ ಒಂದು ಜೋಡಿ. ಒಂದಕ್ಕೆ 2,300 ರೂಪಾಯಿ. ಕಂಪನಿ ಹೆಸರು ಹೇಳಲ್ಲ, ಯಾಕಂದ್ರೆ ಒಂದೇ ಜೋಡಿ ಟೈರು, ಒಬ್ಬನೇ ಮನುಷ್ಯ, ಒಂದೇ ರಸ್ತೆ ಇಟ್ಟುಕೊಂಡು ಮಾಡಿದ ಪರೀಕ್ಷೆಯಲ್ಲಿ ಒಂದು ಕಂಪನಿಯನ್ನ ಹೊಗಳೋದೂ ತಪ್ಪು, ಬೈಯೋದೂ ತಪ್ಪು. ಹಳೆಯದು 25 ಮಿಲಿಮೀಟರ್ ಅಗಲ, ಅಂಚಿನಲ್ಲಿ ಉಕ್ಕಿನ ತಂತಿ ಇರುವಂಥದ್ದು. ಹೊಸದು 28 ಮಿಲಿಮೀಟರ್, ಅಂಚಿನಲ್ಲಿ ತಂತಿಯ ಬದಲು ಗಟ್ಟಿ ನೂಲು, ಹಾಗಾಗಿ ಪಂಚೆ ಥರ ಮಡಚಿ ಡಬ್ಬಿಯಲ್ಲಿಟ್ಟು ಕೊಡ್ತಾರೆ. ಅಡುಗೆಮನೆ ತಕ್ಕಡಿಯಲ್ಲಿ ತೂಗಿದೆ: ಹಳೆಯದು 365 ಗ್ರಾಂ, ಹೊಸದು 305. ಅಗಲವಾದ ಟೈರು ತೆಗೆದುಕೊಳ್ಳುವ ಮೊದಲು ನಿಮ್ಮ ಸೈಕಲಿನ ಬ್ರೇಕಿನ ಕೆಳಗೆ, ಫೋರ್ಕಿನ ನಡುವೆ ಜಾಗ ಇದೆಯಾ ನೋಡಿಕೊಳ್ಳಿ. ನನ್ನದರಲ್ಲಿ ಒಂದು ಪೆನ್ಸಿಲ್ ತೂರುವಷ್ಟು ಉಳಿಯಿತು. ಹಳೇ ಮಾದರಿಯ ಎಷ್ಟೋ ಸೈಕಲ್‌ಗಳಲ್ಲಿ 25ಕ್ಕಿಂತ ದಪ್ಪದ್ದು ಹಿಡಿಯಲ್ಲ.

ಹೊಸ ಟೈರಿನ ಮೊದಲ ಸವಾರಿಯಲ್ಲೇ ಹೊಟ್ಟೆ ಉರಿಯಿತು. ಹ್ಯಾಂಡಲ್ ಮೇಲಿನ ಮೀಟರು ಸರಾಸರಿ ವೇಗ ಮೊದಲಿಗಿಂತ ಕಡಿಮೆ ತೋರಿಸ್ತಿದೆ! ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು. ಈ ಮೀಟರು ಚಕ್ರ ಎಷ್ಟು ಸುತ್ತು ತಿರುಗಿತು ಅಂತ ಎಣಿಸಿ, ಅದನ್ನ ನಾವು ಕೊಟ್ಟ ಸುತ್ತಳತೆಯಿಂದ ಗುಣಿಸುತ್ತೆ. 25ರ ಟೈರಿಗೆ 2105 ಮಿಲಿಮೀಟರ್ ಅಂತ ಹಾಕಿದ್ದೆ. 28ಕ್ಕೆ 2136 ಹಾಕಬೇಕು. ಗಂಟೆಗೆ 27 ಕಿಲೋಮೀಟರ್ ಹೋಗುವವನಿಗೆ ಇದರಿಂದಲೇ 0.4 ಕಿಲೋಮೀಟರ್ ಕಾಣೆ. ಟೈರ್ ಬದಲಾಯಿಸಿದ ಕೂಡಲೇ "ಹೊಸ ಟೈರಲ್ಲಿ ವೇಗ ಬಂತು", "ವೇಗ ಹೋಯ್ತು" ಅಂತ ಹೇಳುವವರನ್ನ ಆವತ್ತಿನಿಂದ ನಾನು ಸ್ವಲ್ಪ ಅನುಮಾನದಿಂದಲೇ ನೋಡೋದು.

ಟೈರು ನಮ್ಮ ಶಕ್ತಿಯನ್ನ ಹೇಗೆ ತಿನ್ನುತ್ತೆ ಅನ್ನೋದನ್ನ ಒಂದು ಸಲ ಹೇಳಿಬಿಡ್ತೀನಿ. ಟೈರು ನೆಲ ಮುಟ್ಟುವ ಕಡೆ ಚಪ್ಪಟೆಯಾಗುತ್ತೆ, ಮುಂದೆ ಹೋದಾಗ ಮತ್ತೆ ದುಂಡಗಾಗುತ್ತೆ. ರಬ್ಬರನ್ನ ಬಗ್ಗಿಸೋಕೆ ನಾವು ಕೊಟ್ಟ ಶಕ್ತಿಯನ್ನ ಅದು ಪೂರ್ತಿ ವಾಪಸ್ ಕೊಡಲ್ಲ, ಸ್ವಲ್ಪವನ್ನ ಶಾಖ ಮಾಡಿ ಇಟ್ಟುಕೊಳ್ಳುತ್ತೆ. ಚಪಾತಿ ಹಿಟ್ಟು ನಾದಿದಷ್ಟೂ ಕೈ ಸೋಲುತ್ತಲ್ಲ, ಹಾಗೆ. ಒಳ್ಳೇ ಟೈರಿನ ರಬ್ಬರು, ಒಳಗಿನ ನೂಲು ತೆಳು ಮತ್ತು ಮೆತು, ಬೇಗ ಬಗ್ಗಿ ಬೇಗ ವಾಪಸ್ ಬರುತ್ತೆ. ಲೆಕ್ಕ ಸರಳ. ನಾನು ಮತ್ತು ಸೈಕಲ್ ಸೇರಿ 84 ಕೆ.ಜಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ, ಉರುಳು ಘರ್ಷಣೆಯ ಗುಣಾಂಕ 0.005 ಅಂತ ಇಟ್ಟುಕೊಂಡರೆ, ಎರಡು ಟೈರು ಸೇರಿ ತಿನ್ನೋದು ಸುಮಾರು 34 ವ್ಯಾಟ್. ಟೈರು ಹತ್ತು ಪರ್ಸೆಂಟ್ ಉತ್ತಮ ಆದರೆ ಉಳಿಯೋದು ಮೂರೂವರೆ ವ್ಯಾಟ್. ನನ್ನಂಥವನು ಆರಾಮಾಗಿ ತುಳಿದರೆ 150 ವ್ಯಾಟ್ ಬಂದೀತು. ರೇಸಿನವರಿಗೆ ಮೂರೂವರೆ ದೊಡ್ಡದು. ನನಗೆ ಗಾಳಿಗೆ ಪಟಪಟ ಅನ್ನೋ ದೊಗಳೆ ಟೀ ಶರ್ಟ್ ಬಿಚ್ಚಿಟ್ಟರೂ ಅಷ್ಟು ಉಳಿದೀತು.

ಕಂಪನಿಗಳು, ಪತ್ರಿಕೆಗಳು ಇದನ್ನ ಪ್ರಯೋಗಾಲಯದಲ್ಲಿ ತಿರುಗುವ ಉಕ್ಕಿನ ಡ್ರಮ್ಮಿಗೆ ಟೈರನ್ನ ಒತ್ತಿ ಅಳೀತಾರೆ. ನಮ್ಮ ಮನೇಲಿ ಡ್ರಮ್ಮು ಅಂದ್ರೆ ನೀರಿನದೊಂದೇ. ಅದಕ್ಕೇ ಹಳೇ ವಿಧಾನ ಹಿಡಿದೆ: ಇಳಿಜಾರಿನ ಮೇಲಿಂದ ಪೆಡಲ್ ತುಳಿಯದೆ ಬಿಡೋದು, ಎಲ್ಲಿ ನಿಲ್ಲುತ್ತೋ ಅಲ್ಲಿ ಗುರುತು ಹಾಕೋದು.

ನಮ್ಮ ಮನೆ ಹಿಂದಿನ ಹೊಸ ಲೇಔಟಿನಲ್ಲಿ ಸೈಟುಗಳಿವೆ, ಮನೆಗಳಿನ್ನೂ ಇಲ್ಲ. ಒಂದು ರಸ್ತೆ ಸ್ವಲ್ಪ ಇಳಿದು ಆಮೇಲೆ ಸಮತಟ್ಟು, ನುಣ್ಣನೆ ಡಾಂಬರು. ಅದರ ಪಕ್ಕದ ರಸ್ತೆ ಹೆಚ್ಚುಕಡಿಮೆ ಅದೇ ಇಳಿಜಾರು, ಆದರೆ ಜಲ್ಲಿ ಎದ್ದಿದೆ, ಪೈಪಿಗೆ ಅಗೆದು ಮುಚ್ಚಿದ ಉಬ್ಬುಗಳಿವೆ. ಇಂಥ ಜೋಡಿ ಪ್ರಯೋಗಾಲಯದವರಿಗೂ ಸಿಗಲ್ಲ! ಬೆಳಿಗ್ಗೆ ಐದೂವರೆಗೆ ಅಪ್ಪನನ್ನ ಎಬ್ಬಿಸಿಕೊಂಡು ಹೊರಟೆ. ಅಪ್ಪ ತುಮಕೂರಿನ ಬಸ್ ಡಿಪೋದಲ್ಲಿ ಮೂವತ್ತು ವರ್ಷ ಮೆಕ್ಯಾನಿಕ್ ಆಗಿದ್ದವರು, ಅದರಲ್ಲಿ ಹನ್ನೊಂದು ವರ್ಷ ಟೈರ್ ಸೆಕ್ಷನ್. ಮಂಕಿ ಕ್ಯಾಪ್ ಹಾಕಿ, ಕೈಯಲ್ಲಿ ಸೀಮೆಸುಣ್ಣ ಹಿಡಿದು ನಿಂತರು. ವಾಕಿಂಗ್ ಬಂದವರು ಸರ್ವೆ ಅಂದುಕೊಂಡು "ಸರ್, ರಸ್ತೆ ಯಾವಾಗ ಸರಿ ಮಾಡ್ತೀರಿ?" ಅಂತ ಅಪ್ಪನನ್ನೇ ಕೇಳಿದರು. ಅಪ್ಪ "ಮುಂದಿನ ತಿಂಗಳು" ಅಂದುಬಿಟ್ಟರು.

ಮೊದಲ ಭಾನುವಾರ ಪೂರಾ ದಂಡ. ಹಳೇ ಟೈರಿನಲ್ಲಿ ಮೊದಲು ಐದು ಸಲ, ಆಮೇಲೆ ಹೊಸದು ಹಾಕಿ ಐದು ಸಲ ಬಿಟ್ಟೆ. ಹೊಸದು ಬಹಳ ದೂರ ಹೋಯಿತು. ಖುಷಿಯೋ ಖುಷಿ. ಅನುಮಾನ ಬಂದು ಮತ್ತೆ ಹಳೇ ಟೈರು ಹಾಕಿ ಬಿಟ್ಟರೆ ಅದೂ ಬೆಳಗಿನದಕ್ಕಿಂತ ದೂರ ಹೋಯಿತು. ಅಷ್ಟೊತ್ತಿಗೆ ಬಿಸಿಲು ಬಂದು ರಸ್ತೆ ಬೆಚ್ಚಗಾಗಿತ್ತು. ಬೆಚ್ಚಗಿನ ರಬ್ಬರು ಕಡಿಮೆ ಶಕ್ತಿ ತಿನ್ನುತ್ತೆ. ನಾನು ಟೈರಿನ ಪರೀಕ್ಷೆ ಮಾಡಿರಲಿಲ್ಲ, ಸೂರ್ಯನ ಪರೀಕ್ಷೆ ಮಾಡಿದ್ದೆ. ಮುಂದಿನ ವಾರದಿಂದ ಹಳೆಯದು, ಹೊಸದು, ಮತ್ತೆ ಹಳೆಯದು ಅನ್ನೋ ಕ್ರಮ. ಕೂರೋ ಭಂಗಿ ಒಂದೇ, ಬಾಟಲಿಯಲ್ಲಿ ನೀರು ಅಷ್ಟೇ, ಬಟ್ಟೆ ಅದೇ. ಎಲೆ ಅಲ್ಲಾಡಿದರೆ ಆ ಸಲದ್ದು ಲೆಕ್ಕಕ್ಕಿಲ್ಲ. ಟೈರು ಬಿಚ್ಚಿ ಹಾಕೋ ಕೆಲಸ ಅಪ್ಪಂದು. ನಾನು ಪ್ಲಾಸ್ಟಿಕ್ ಲಿವರ್ ಹುಡುಕುವಷ್ಟರಲ್ಲಿ ಅವರು ಬರಿಗೈಯಲ್ಲಿ ಒಂದು ಕಳಚಿ ಆಗಿರ್ತಿತ್ತು.

ಗಾಳಿ ಎಷ್ಟು ಅಂತ ಕೇಳ್ತೀರಿ. ಹಳೇ ಟೈರಿಗೆ 115 ಪಿಎಸ್‌ಐ. ಅದರ ಪಕ್ಕೆಯಲ್ಲಿ 120 ಅಂತ ಅಚ್ಚಾಗಿತ್ತು. ಕೊಂಡ ದಿನದಿಂದ ನಾನು ಅದನ್ನೇ ವೇದವಾಕ್ಯ ಅಂತ ಹೊಡೀತಿದ್ದೆ, ಐದು ಕಡಿಮೆ ಇಟ್ಟಿದ್ದೇ ದೊಡ್ಡ ಎಚ್ಚರಿಕೆ ಅಂತ. ಹೊಸದರ ಡಬ್ಬಿಯ ಒಳಗಿನ ಚೀಟಿಯಲ್ಲಿ ಸವಾರನ ತೂಕಕ್ಕೆ ತಕ್ಕ ಹಾಗೆ ಗಾಳಿ ಎಷ್ಟಿರಬೇಕು ಅಂತ ಒಂದು ಪಟ್ಟಿ ಇತ್ತು. ಅದರ ಪ್ರಕಾರ 75 ಹಾಕಿದೆ.

ಮೂರು ಭಾನುವಾರದ ಸರಾಸರಿ ಹೀಗೆ ಬಂತು. ನುಣ್ಣನೆ ರಸ್ತೆಯಲ್ಲಿ ಹಳೆಯದು 151 ಮೀಟರ್ ಹೋಗಿ ನಿಂತಿತು, ಹೊಸದು 159. ಒಂದೇ ಟೈರಿನ ಎರಡು ಓಟಗಳ ನಡುವೆಯೇ ಮೂರು ನಾಲ್ಕು ಮೀಟರ್ ಹೆಚ್ಚುಕಡಿಮೆ ಬರ್ತಿತ್ತು, ಹಾಗಾಗಿ ಈ ಎಂಟು ಮೀಟರಿಗೆ ಕುಣಿದಾಡೋದು ಬೇಡ. ಆದರೆ ಜಲ್ಲಿ ರಸ್ತೆಯಲ್ಲಿ ಹಳೆಯದು 96 ಮೀಟರ್, ಹೊಸದು 117. ಇಪ್ಪತ್ತೊಂದು ಮೀಟರ್!

ತಿಂಡಿ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಬಣ್ಣಬಣ್ಣದ ಗ್ರಾಫ್ ಮಾಡಿ ಎಲ್ಲರಿಗೂ ತೋರಿಸಿದೆ. ನೋಡಿ, ಇದಕ್ಕೇ ನಾನು ಬಿದ್ದದ್ದು, ಟೈರಿನ ವ್ಯತ್ಯಾಸ ಕಾಣ್ತಾ ಇದೆ, ಅಂತ. ಅಪ್ಪ ಇಡ್ಲಿ ಮುರೀತಾ ಕೇಳಿದರು.

"ಹಳೇ ಟೈರಿಗೂ ಅಷ್ಟೇ ಗಾಳಿ ಹಾಕಿ ಬಿಟ್ಟು ನೋಡಿದ್ಯೇನೋ?"

"ಇಲ್ಲ ಅಪ್ಪ, ಅದರ ಮೇಲೆ 120 ಅಂತ ಬರ್ದಿದೆ..."

"ಅದು ಜಾಸ್ತಿ ಅಂದ್ರೆ ಅಷ್ಟು ಅಂತ ಕಣೋ. ಹಾಕ್ಲೇಬೇಕು ಅಂತ ಎಲ್ಲಿ ಬರ್ದಿದೆ? ನಮ್ಮ ಬಸ್ಸಿಗೇ ಹೆಚ್ಚುಕಡಿಮೆ ಅಷ್ಟು ಹೊಡೀತಿದ್ವಿ. ನೀನೇನು ಐವತ್ತು ಜನ ಕೂರಿಸ್ಕೊಂಡು ಹೋಗ್ತೀಯಾ?"

ಹೆಂಡತಿ ಚಟ್ನಿ ಬಡಿಸ್ತಾ, "ಆಫೀಸಲ್ಲೂ ಹೀಗೇ ಕೆಲಸ ಮಾಡ್ತೀಯಾ?" ಅಂದಳು.

ಹತ್ತು ವರ್ಷದಿಂದ ಹೊಸ ಹುಡುಗರಿಗೆ ನಾನು ಹೇಳಿಕೊಡೋದೇ ಇದನ್ನ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಎರಡು ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು ಅಂತ ಗೊತ್ತಾಗಲ್ಲ ಅಂತ. ನಾನು ಟೈರನ್ನೂ ಬದಲಾಯಿಸಿದ್ದೆ, ಗಾಳಿಯನ್ನೂ ಬದಲಾಯಿಸಿದ್ದೆ. ಮೇಲಾಗಿ ಗರಿಷ್ಠ ಮಿತಿ ಅಂತ ಕೊಟ್ಟ ನಂಬರನ್ನ ಪ್ರತಿದಿನ ಇಡಬೇಕಾದ ನಂಬರು ಅಂದುಕೊಂಡಿದ್ದೆ. ಇದನ್ನ ನಮ್ಮ ತಂಡದ ಟ್ರೈನಿ ಮಾಡಿದ್ದರೆ ನಾನು ಸುಮ್ಮನಿರ್ತಿದ್ನಾ?

ಮುಂದಿನ ಭಾನುವಾರ ಹಳೇ ಟೈರಿಗೆ 85 ಹಾಕಿದೆ (ಅಗಲ ಕಡಿಮೆ ಇರೋದರಿಂದ ಹೊಸದಕ್ಕಿಂತ ಹತ್ತು ಜಾಸ್ತಿ). ನುಣ್ಣನೆ ರಸ್ತೆಯಲ್ಲಿ 150 ಮೀಟರ್, ಅಂದ್ರೆ ಮೊದಲಿನಷ್ಟೇ. ಜಲ್ಲಿ ರಸ್ತೆಯಲ್ಲಿ 110. ನಾನು 4,600 ರೂಪಾಯಿ ಕೊಟ್ಟು ಪಡೆದೆ ಅಂದುಕೊಂಡಿದ್ದ ಇಪ್ಪತ್ತೊಂದು ಮೀಟರಿನಲ್ಲಿ ಹದಿನಾಲ್ಕು ಗಾಳಿ ಬಿಟ್ಟಿದ್ದಕ್ಕೇ ಬಂದಿತ್ತು. ಟೈರಿನದು ಏಳು.

ಯಾಕೆ ಹೀಗೆ? ಉಕ್ಕಿನ ನುಣ್ಣನೆ ಡ್ರಮ್ಮಿನ ಮೇಲೆ ಗಾಳಿ ಹೆಚ್ಚಿದಷ್ಟೂ ಟೈರು ಕಡಿಮೆ ಬಗ್ಗುತ್ತೆ, ಕಡಿಮೆ ಶಕ್ತಿ ತಿನ್ನುತ್ತೆ. ಹಳೇ ಕಾಲದ ನಂಬಿಕೆ ಬಂದಿದ್ದು ಅಲ್ಲಿಂದ. ರಸ್ತೆಯಲ್ಲಿ ಕಲ್ಲಿದೆ. ಟೈರು ಕಲ್ಲಾಗಿದ್ದರೆ ಪ್ರತಿ ಉಬ್ಬಿಗೂ ಇಡೀ ಸೈಕಲ್ಲು, ಅದರ ಮೇಲಿನ ಮನುಷ್ಯ ಮೇಲೇಳಬೇಕು. ಆ ಎತ್ತುವ ಶಕ್ತಿ ಮುಂದಕ್ಕೆ ಹೋಗಬೇಕಾದ ಲೆಕ್ಕದಿಂದಲೇ ಕಡಿತ, ಆಮೇಲೆ ಕೈ, ಭುಜ, ಬೆನ್ನಿನಲ್ಲಿ ನಡುಕವಾಗಿ ಕರಗಿ ಹೋಗುತ್ತೆ. ಟೈರು ಮೆತ್ತಗಿದ್ದರೆ ಕಲ್ಲನ್ನ ತಾನೇ ನುಂಗಿಕೊಂಡು ನಮ್ಮನ್ನ ಮಟ್ಟವಾಗಿ ಸಾಗಿಸುತ್ತೆ. 1888ರಲ್ಲಿ ಬೆಲ್‌ಫಾಸ್ಟಿನಲ್ಲಿ ಜಾನ್ ಬಾಯ್ಡ್ ಡನ್‌ಲಪ್ ಅನ್ನೋ ಪಶುವೈದ್ಯ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಕಟ್ಟಿದ್ದೇ ಘನ ರಬ್ಬರಿನ ಕುಲುಕಾಟ ತಪ್ಪಿಸೋಕೆ. ಮರುವರ್ಷ ಅದೇ ಊರಿನ ರೇಸಿನಲ್ಲಿ ಆ ದಪ್ಪ ಟೈರಿನ ಸೈಕಲ್ಲೇ ಗೆದ್ದಿತು. ಅದಾಗಿ ನೂರಕ್ಕೂ ಹೆಚ್ಚು ವರ್ಷ ಆದ ಮೇಲೂ ರೇಸಿನವರು 23 ಮಿಲಿಮೀಟರಿನ ಟೈರನ್ನ ಕಲ್ಲಿನ ಥರ ಗಟ್ಟಿ ಮಾಡಿಕೊಂಡು ಓಡಿಸ್ತಿದ್ದರು. ಈಗ ಅವರೂ 28ಕ್ಕೆ, ಇನ್ನೂ ಅಗಲಕ್ಕೆ ಬಂದಿದ್ದಾರೆ.

ವೇಗದ ಕಥೆ ಆಯಿತು. ನನಗೆ ಬೇಕಾಗಿದ್ದು ಬಿದ್ದ ಕಾರಣ.

ಟೈರು ನೆಲವನ್ನ ಎಷ್ಟು ಮುಟ್ಟುತ್ತೆ ಅಂತ ನೋಡೋಕೆ ಕಾಲೇಜಿನ ಗ್ರಾಫ್ ಹಾಳೆ ತೆಗೆದೆ. ಟೈರಿಗೆ ಕುಂಕುಮ ಸವರಿ, ಹಾಳೆ ಮೇಲೆ ಚಕ್ರ ಇಟ್ಟು, ಗೋಡೆ ಹಿಡಿದು ಸೈಕಲ್ ಮೇಲೆ ಕೂತು ಇಳಿದರೆ ಕೆಂಪು ಗುರುತು ಬೀಳುತ್ತೆ. ಚೌಕ ಎಣಿಸಿದರಾಯಿತು. ಅಮ್ಮ "ದೇವರ ಕುಂಕುಮ ಟೈರಿಗಾ?" ಅಂದರು. ಆಯುಧಪೂಜೆಗೆ ಹಚ್ಚಲ್ವಾ ಅಂದೆ. ನಿಂಬೆಹಣ್ಣೊಂದು ಕಡಿಮೆ ಆಯ್ತು ಅಂದುಕೊಂಡು ಒಳಗೆ ಹೋದರು. ಮುಂದಿನ ಚಕ್ರದ ಮೇಲೆ ಬೀಳುವ ಭಾರ 34 ಕೆ.ಜಿ. ಹಳೇ ಟೈರಿನಲ್ಲಿ 115 ಇದ್ದಾಗ ಗುರುತು ಸುಮಾರು ನಾಲ್ಕೂವರೆ ಚದರ ಸೆಂಟಿಮೀಟರ್, ಹೊಸದರಲ್ಲಿ 70 ಇದ್ದಾಗ ಏಳು. ಭಾರವನ್ನ ಒತ್ತಡದಿಂದ ಭಾಗಿಸಿದರೂ ಹತ್ತಿರ ಹತ್ತಿರ ಅಷ್ಟೇ ಬರುತ್ತೆ. ನಾಲ್ಕೂವರೆ ಚದರ ಸೆಂಟಿಮೀಟರ್ ಅಂದ್ರೆ ಹೆಬ್ಬೆಟ್ಟಿನ ಗುರುತು. ಬೆಟ್ಟ ಇಳಿಯುವಾಗ ನಾನು, ಸೈಕಲ್ಲು, ಮನೆಯಲ್ಲಿ ಮಲಗಿದ್ದ ಮಗಳ ಅಪ್ಪ, ಎಲ್ಲ ಸೇರಿ ನಿಂತಿದ್ದದ್ದು ಎರಡು ಹೆಬ್ಬೆಟ್ಟಿನ ಗುರುತಿನ ಮೇಲೆ.

ಇಲ್ಲಿಗೇ ನಿಲ್ಲಿಸಿ "ಗಾಳಿಯೇ ಕಾರಣ" ಅಂತ ಬರೆಯೋ ಆಸೆ ಆಗಿತ್ತು. ಆದರೆ ರಬ್ಬರು ಎಷ್ಟು ಹಿಡಿಯುತ್ತೆ ಅನ್ನೋದು ಗುರುತಿನ ಅಗಲಕ್ಕಿಂತ ರಬ್ಬರಿನ ಗುಣದ ಮೇಲೆ ಹೆಚ್ಚು ನಿಂತಿದೆ. ಅದನ್ನ ಅಳೆಯೋದು ಹೇಗೆ? ಒದ್ದೆ ರಸ್ತೆಯಲ್ಲಿ ಬಾಗಿಸಿ ಬಾಗಿಸಿ ಜಾರುವ ತನಕ ಹೋಗೋದಕ್ಕೆ ಇನ್ನೊಂದು ಕಾಲರ್ ಬೋನು ಬೇಕು. ಬ್ರೇಕ್ ಹಿಡಿದು ದೂರ ಅಳೆಯೋಣ ಅಂದ್ರೆ ನನ್ನದು ರಿಮ್ ಹಿಡಿಯುವ ಬ್ರೇಕು, ನೀರು ಬಿದ್ದರೆ ಮೊದಲು ಸೋಲೋದು ಬ್ರೇಕ್ ಕಟ್ಟೆಗಳೇ. ಅಳತೆಯಲ್ಲಿ ಟೈರು ಕಾಣಲ್ಲ.

ಕೊನೆಗೆ ಊರಿಗೆ ಹೋಗುವಾಗ ಸೂಟ್‌ಕೇಸ್ ತೂಗುವ ಕೊಕ್ಕೆಯ ತಕ್ಕಡಿ ನೆನಪಾಯಿತು. ಎರಡೂ ಬ್ರೇಕಿನ ಹಿಡಿಗಳನ್ನ ಹಳೇ ಟ್ಯೂಬಿನ ತುಂಡಿನಿಂದ ಬಿಗಿಯಾಗಿ ಕಟ್ಟಿದೆ, ಚಕ್ರ ತಿರುಗದ ಹಾಗೆ. ರಸ್ತೆಗೆ ಎರಡು ಬಕೆಟ್ ನೀರು. ಅಪ್ಪ ಸೈಕಲ್ ಬೀಳದ ಹಾಗೆ ಹಗುರವಾಗಿ ಹಿಡಿದರು, ನಾನು ತಕ್ಕಡಿಯ ಕೊಕ್ಕೆ ಸಿಕ್ಕಿಸಿ ಎಳೆದೆ. ಎಷ್ಟಕ್ಕೆ ಜಾರಲು ಶುರುವಾಗುತ್ತೋ ಅದು ಹಿಡಿತ. ಸೈಕಲ್ಲಿನ ತೂಕ 10 ಕೆ.ಜಿ. ಹಳೇ ಟೈರು 5.8ಕ್ಕೆ ಜಾರಿತು, ಹೊಸದು 6.6ಕ್ಕೆ. ಹಳೇ ಟೈರಿನ ಗಾಳಿ 115 ಇದ್ದರೂ 85 ಇದ್ದರೂ ಈ ನಂಬರು ಬದಲಾಗಲಿಲ್ಲ. ಅಂದ್ರೆ ಇಲ್ಲಿ ಟೈರಿಗೆ ನಿಜವಾಗಿ ವ್ಯತ್ಯಾಸ ಇದೆ. ಹೊಸ ರಬ್ಬರು ಒದ್ದೆಯಲ್ಲಿ ಹೆಚ್ಚು ಹಿಡಿಯುತ್ತೆ.

ಇದಕ್ಕೆ ಪಟ್ಟೆಗಳು ಕಾರಣ ಅಲ್ಲ. ಅಪ್ಪನಿಗೆ ಇದನ್ನ ಒಪ್ಪಿಸೋಕೆ ಒಂದು ಸಂಜೆ ಹಿಡಿಯಿತು. "ಗ್ರಿಪ್ ಇಲ್ದೆ ನುಣ್ಣಗಿದೆಯಲ್ಲೋ, ಬಸ್ಸಿಗೆ ಹೀಗಿದ್ರೆ ಡಿಪೋ ಗೇಟ್ ದಾಟಿಸ್ತಿರ್ಲಿಲ್ಲ" ಅಂದರು. ಬಸ್ಸಿನ ಟೈರು ಅಗಲ, ಅದರ ಕೆಳಗೆ ಸಿಕ್ಕ ನೀರು ಹೊರಗೆ ಹೋಗೋಕೆ ಪಟ್ಟೆ ಬೇಕು. ಸೈಕಲ್ಲಿನ ಗುರುತು ಕಿರಿದು, ದೋಣಿಯ ಮೂತಿ ಥರ ಉದ್ದುದ್ದ, ಒತ್ತಡವೂ ಜಾಸ್ತಿ. ಅದು ನೀರನ್ನ ತಾನೇ ಸೀಳಿಕೊಂಡು ಹೋಗುತ್ತೆ. ನಾವು ತುಳಿಯುವ ವೇಗದಲ್ಲಿ ಸೈಕಲ್ಲು ನೀರಿನ ಮೇಲೆ ತೇಲಲ್ಲ. ರಸ್ತೆ ಸೈಕಲ್ಲಿನ ಟೈರಿನ ಮೇಲಿನ ಚಿತ್ತಾರ ಹೆಚ್ಚಾಗಿ ನೋಡುವವರ ಸಮಾಧಾನಕ್ಕೆ.

ಹಾಗಾದ್ರೆ ಹಳೇ ರಬ್ಬರು ಯಾಕೆ ಜಾರಿತು? ಉಗುರಿನಿಂದ ಒತ್ತಿ ನೋಡಿದೆ. ಗಟ್ಟಿ. ಪಕ್ಕೆಯಲ್ಲಿ ಕೂದಲೆಳೆ ಬಿರುಕುಗಳು. ನಾಲ್ಕು ವರ್ಷ ಆ ಸೈಕಲ್ಲು ಪಶ್ಚಿಮಕ್ಕೆ ಮುಖ ಮಾಡಿದ ಬಾಲ್ಕನಿಯಲ್ಲಿ ಮಧ್ಯಾಹ್ನದ ಬಿಸಿಲಿಗೆ ನಿಂತಿತ್ತು. ಅಲ್ಲಿ ನಿಲ್ಲಿಸಿದವನು ನಾನು. ನಾಲ್ಕು ವರ್ಷ ಬದಲಾಯಿಸದೇ ಇದ್ದವನು ನಾನು. 115 ಹೊಡೆದವನೂ ನಾನೇ. ಆಮೇಲೆ ಒಂದು ದಿನ ಕಾರಿನಲ್ಲಿ ಹೋಗಿ ಆ ತಿರುವು ನೋಡಿ ಬಂದೆ. ಒಳಮಗ್ಗುಲಲ್ಲಿ ತೇಪೆ ಹಾಕಿದ ಡಾಂಬರು, ಸಾಲಾಗಿ ಸಣ್ಣ ಸಣ್ಣ ಉಬ್ಬು. ಅಲ್ಲಿ ಗಾಳಿಯದೂ ಪಾಲಿದೆ. ಗಟ್ಟಿ ಟೈರು ಬಾಗಿದ ಸ್ಥಿತಿಯಲ್ಲಿ ಅಂಥ ಉಬ್ಬಿನ ಮೇಲೆ ಕುಪ್ಪಳಿಸುತ್ತೆ, ಗಾಳಿಯಲ್ಲಿರುವ ಟೈರಿಗೆ ಹಿಡಿತ ಎಲ್ಲಿಂದ ಬರಬೇಕು? ಎಷ್ಟು ಪಾಲು ರಬ್ಬರಿನದು, ಎಷ್ಟು ಪಾಲು ಗಾಳಿಯದು, ಎಷ್ಟು ಪಾಲು ಮಳೆಯಲ್ಲೂ ಆ ವೇಗದಲ್ಲಿ ಬಂದ ನನ್ನದು, ಅದನ್ನ ತಕ್ಕಡಿ ಹೇಳಲ್ಲ. ಅಂಗಡಿ ಹುಡುಗನ ಪಾಲು ಸೊನ್ನೆ.

ಹೊಸ ಟೈರಿನಲ್ಲಿ ಈಗ 1,100 ಕಿಲೋಮೀಟರ್ ಆಗಿದೆ. ಎರಡು ಸಲ ಪಂಚರ್. ಒಂದು ಲಾರಿ ಟೈರು ಸಿಡಿದಾಗ ಹೈವೇ ಅಂಚಿನಲ್ಲಿ ಉದುರುವ ಕೂದಲಿನಂಥ ಉಕ್ಕಿನ ತಂತಿಯಿಂದ. ಇದಕ್ಕೆ ಯಾವ ಬೆಲೆಯ ಟೈರೂ ಪೂರ್ತಿ ಉತ್ತರ ಅಲ್ಲ. ಹೈವೇಯಲ್ಲಿ ತೀರಾ ಅಂಚಿಗೆ ಹೋಗದಿರೋದು, ಮನೆಗೆ ಬಂದ ಮೇಲೆ ಒದ್ದೆ ಬಟ್ಟೆಯಲ್ಲಿ ಟೈರು ಒರೆಸಿ ನೋಡೋದು, ಅಷ್ಟೇ ದಾರಿ. ಇನ್ನೊಂದು ನನ್ನದೇ ತಪ್ಪು. ಗಾಳಿ ಕಡಿಮೆ ಮಾಡೋದು ಒಳ್ಳೇದು ಅಂತ ಗೊತ್ತಾದ ಮೇಲೆ ಅತಿಬುದ್ಧಿಯಿಂದ 55ಕ್ಕೆ ಇಳಿಸಿದೆ. ಮೊದಲ ಗುಂಡಿಯಲ್ಲೇ ರಿಮ್ಮಿಗೂ ನೆಲಕ್ಕೂ ನಡುವೆ ಟ್ಯೂಬು ಸಿಕ್ಕಿ, ಹಾವು ಕಚ್ಚಿದ ಹಾಗೆ ಅಕ್ಕಪಕ್ಕ ಎರಡು ತೂತು.

ನನ್ನ ತೂಕಕ್ಕೆ, ನಮ್ಮ ರಸ್ತೆಗೆ, 28ರ ಟೈರಿಗೆ ಕೊನೆಗೆ ಒಗ್ಗಿದ್ದು ಮುಂದೆ 70, ಹಿಂದೆ 76. ನಿಮ್ಮದು ಬೇರೆ ಇರುತ್ತೆ. ಟೈರಿನ ಮೇಲೆ ಬರೆದ ಗರಿಷ್ಠ, ಕನಿಷ್ಠ ಎರಡನ್ನೂ ಓದಿ. ವಾರಕ್ಕೆ ಐದೈದೇ ಇಳಿಸುತ್ತಾ ಬನ್ನಿ. ತಿರುವಿನಲ್ಲಿ ಮುಂದಿನ ಚಕ್ರ ರಬ್ಬರಿನ ಹಾಗೆ ತೊನೆದ ಅನುಭವ ಆದರೆ, ಅಥವಾ ಗುಂಡಿಯಲ್ಲಿ ರಿಮ್ಮು ನೆಲ ಬಡಿದ ಸದ್ದು ಕೇಳಿದರೆ, ಐದು ಮೇಲೆ ಬನ್ನಿ. ಹಿಂದಿನ ಚಕ್ರಕ್ಕೆ ಭಾರ ಜಾಸ್ತಿ, ಅದಕ್ಕೆ ನಾಲ್ಕೈದು ಹೆಚ್ಚು. ಟ್ಯೂಬಿನಿಂದ ಗಾಳಿ ತಾನಾಗಿಯೇ ಸೋರುತ್ತಾ ಇರುತ್ತೆ, ವಾರಕ್ಕೊಮ್ಮೆ ಮೀಟರ್ ಇರೋ ಪಂಪಿನಿಂದ ನೋಡಿ. ಹೆಬ್ಬೆರಳಿನಿಂದ ಅದುಮಿ "ಗಟ್ಟಿ ಇದೆ" ಅನ್ನೋದು ಅಪ್ಪನ ಕಾಲದ 28 ಇಂಚಿನ ಸೈಕಲ್ಲಿಗೆ ಸರಿ.

ಆರು ಸಾವಿರದ ಟೈರು ಬೇಕಾ ಅಂತ ಕೇಳಿದವರಿಗೆ: ಮೊದಲು ಒಂದು ಪಂಪು ಕೊಳ್ಳಿ. ಇರುವ ಟೈರು ಗಟ್ಟಿಯಾಗಿದ್ದರೆ, ಬಿರುಕು ಬಿಟ್ಟಿದ್ದರೆ, ಎರಡು ಸಾವಿರದ ಹೊಸದು ಹಾಕಿಸಿ. ಅದರ ಮೇಲೂ ದುಡ್ಡು ಉಳಿದು, ರೇಸಿಗೆ ಹೋಗೋ ಹುಚ್ಚಿದ್ದರೆ ಆರು ಸಾವಿರದ್ದು ನೋಡಿ.

ಮೊನ್ನೆ ಟ್ಯೂಬ್ ತರೋಕೆ ಅಂಗಡಿಗೆ ಹೋಗಿದ್ದೆ. ಅದೇ ಹುಡುಗ ಇದ್ದ. ಗಿರಾಕಿಗಳು ನಾಲ್ಕು ಜನ ಇದ್ದರು, ಅವತ್ತು ಅಂದದ್ದೂ ಎಲ್ಲರೆದುರೇ ಅಲ್ವಾ ಅಂದುಕೊಂಡು ಹೇಳಿದೆ: "ಹೋದ ವರ್ಷ ನಿಮಗೆ ಏನೇನೋ ಅಂದೆ. ತಪ್ಪು ನಂದೇ. ಗಾಳಿ ಜಾಸ್ತಿ ಹೊಡೀತಿದ್ದೆ, ಟೈರೂ ಬಿಸಿಲಿಗೆ ಒಣಗಿತ್ತು."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. "ನಾನು ಅವತ್ತೇ ಕೇಳೋಣ ಅಂತಿದ್ದೆ ಸರ್, ಗಾಳಿ ಎಷ್ಟು ಹಾಕಿದ್ರಿ ಅಂತ. ನಿಮ್ ಕೈ ನೋಡಿ ಸುಮ್ನಾದೆ" ಅಂದ. ಆಮೇಲೆ ಡಬ್ಬಿ ಎಳೆದು, "ಟ್ಯೂಬ್ ಒಂದಾ, ಎರಡಾ?"

ಎರಡು ತಗೊಂಡೆ. ಈ ಭಾನುವಾರ ಬೆಟ್ಟಕ್ಕೆ ಹೋಗ್ತಿದ್ದೀನಿ.